ಮೆಂತೆಪಲ್ಯಕ್ಕೊಂದು ಪುರಾವೆ

ನಡೆದದ್ದರಲ್ಲಿ ನನ್ನ ತಪ್ಪು ಏನೂ ಇರಲಿಲ್ಲ. ತಪ್ಪೆಲ್ಲ ಒಂದು ಸೇಬುಹಣ್ಣಿನದು.

ಶಿವಬಸವ ನಗರದ ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ಆ ಹಣ್ಣು ತೊಳೆಯುತ್ತಿದ್ದೆ. ಅದರ ಮೈಮೇಲೆ ಸಣ್ಣ ಚೀಟಿ ಅಂಟಿಸಿದ್ದರು. ಕನ್ನಡಕ ಹಾಕಿಕೊಂಡು ಓದಿದೆ. ಹಡಗು ಹತ್ತಿ ಸಮುದ್ರ ದಾಟಿ ಬಂದ ಹಣ್ಣು! ಮೂವತ್ತನಾಲ್ಕು ವರ್ಷ ತಹಶೀಲ್ದಾರ ಕಚೇರಿಯಲ್ಲಿ ದುಡಿದು ಶಿರಸ್ತೇದಾರನಾಗಿ ನಿವೃತ್ತನಾದ ನಾನು ಆ ಕಡೆ ಹುಬ್ಬಳ್ಳಿ, ಈ ಕಡೆ ಗೋವಾ ಬಿಟ್ಟರೆ ಮುಂದಕ್ಕೆ ಹೋದವನಲ್ಲ. ಈ ಹಣ್ಣು ನನಗಿಂತ ಹೆಚ್ಚು ದೇಶ ನೋಡಿತ್ತು. ಸಿಟ್ಟು ನೆತ್ತಿಗೇರಿತು. ನಮ್ಮೂರಲ್ಲಿ ಮಣ್ಣಿಲ್ಲವೇ? ಮಳೆಯಿಲ್ಲವೇ? ಬೆಳೆಯುವವರಿಗೆ ಕೈಯಿಲ್ಲವೇ?

ಹಳೆಯ ಚಟ. ಬಿಳಿ ಹಾಳೆ ತೆಗೆದು ಆದೇಶ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. "ಈ ಮೂಲಕ ಮನೆಯ ಸಮಸ್ತ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಬೆಳಗಾವಿ ಮತ್ತು ಖಾನಾಪುರ ತಾಲೂಕುಗಳ ಹದ್ದಿನೊಳಗೆ ಬೆಳೆದದ್ದನ್ನು ಮಾತ್ರ ಉಣ್ಣತಕ್ಕದ್ದು. ಪ್ಲಾಸ್ಟಿಕ್ ವಸ್ತು ಹೊಸ್ತಿಲು ದಾಟತಕ್ಕದ್ದಲ್ಲ. ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು."

ಸಮಸ್ತ ಸದಸ್ಯರು ಅಂದರೆ ನನ್ನ ಹೆಂಡತಿ ಸುಮಂಗಲಾ ಒಬ್ಬಳೇ. ಅವಳು ಸೌಟು ಹಿಡಿದುಕೊಂಡೇ ಬಂದು ಪೂರ್ತಿ ಓದಿದಳು.

"ಅಲ್ರೀ, ಚಾಪುಡಿ ಎಲ್ಲಿ ಬೆಳೀತೈತಿ? ಖಾನಾಪುರದಾಗೇನು?"

ಇದನ್ನು ನಾನು ಯೋಚಿಸಿರಲಿಲ್ಲ. ಆದರೆ ಹೊರಡಿಸಿದ ಆದೇಶ ಹಿಂದಕ್ಕೆ ಪಡೆಯುವುದುಂಟೆ? "ಚಾ ಬಂದ್!" ಅಂದೆ. ಅಂದವನಿಗೆ ಆಗಲೇ ತಲೆನೋವು ಶುರುವಾಗಿತ್ತು. ಅಂದಿನಿಂದ ಹಿತ್ತಲಿನ ನಿಂಬೆಹುಲ್ಲಿನ ಕಷಾಯ. ದನಕ್ಕೆ ಹುಲ್ಲು ಯಾಕೆ ಇಷ್ಟ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಪಕ್ಕದ ಮನೆಯ ನಿವೃತ್ತ ಮಾಸ್ತರು ಕುಲಕರ್ಣಿಯವರಿಗೆ ಸುದ್ದಿ ಹೇಗೆ ಮುಟ್ಟಿತೋ! ಕಂಪೌಂಡಿನ ಮೇಲೆ ಕುತ್ತಿಗೆ ಚಾಚಿದರು. "ಏನ್ರೀ ಸಾಹೇಬ್ರ, ಉಪ್ಪಿಗೆ ಏನ್ ಮಾಡ್ತೀರಿ? ಬೆಳಗಾವಿಗೆ ಸಮುದ್ರ ಯಾವಾಗ ಬಂತು?"

"ಉಪ್ಪು ಬೆಳಿ ಅಲ್ರೀ. ಅದು ಆದೇಶದ ವ್ಯಾಪ್ತಿಗೆ ಬರಂಗಿಲ್ಲ," ಅಂದು ಬಾಗಿಲು ಹಾಕಿಕೊಂಡೆ. ಇಂಥ ನೆರೆಹೊರೆ ಇಟ್ಟುಕೊಂಡು ದೇಶ ಹೇಗೆ ಸುಧಾರಿಸಬೇಕು, ಹೇಳಿ!

ಆಮೇಲೆ ಅಡುಗೆಮನೆಯ ತಪಾಸಣೆಗೆ ಇಳಿದೆ. ಪ್ಲಾಸ್ಟಿಕ್ ಡಬ್ಬಿಗಳೆಲ್ಲ ಹೊರಬಿದ್ದವು. ಕಿಟಕಿಯ ಮೊಳೆಗೆ ನೂಲಿನ ಉಂಡೆಯೊಂದು ತೂಗುತ್ತಿತ್ತು. ತೆಂಗಿನಕಾಯಿಯಷ್ಟು ದಪ್ಪ, ಕೆಂಪು, ಹಳದಿ, ನೀಲಿ, ಇಲ್ಲದ ಬಣ್ಣವಿಲ್ಲ.

"ಇದೇನ ಕಸ? ಒಗಿ."

"ಅದನ್ನ ಮುಟ್ಟಬ್ಯಾಡ್ರಿ. ಹೂ ಕಟ್ಟಾಕ ಬೇಕಾಗತೈತಿ."

ಅವಳ ದನಿ ಕೇಳಿ ಕೈ ಹಿಂದಕ್ಕೆ ತೆಗೆದೆ.

ಭಾನುವಾರ ಈರಣ್ಣ ಬಂದ. ಇವನು ಸುಮಂಗಲಾಳ ತಮ್ಮ. ವಡಗಾವಿಯಲ್ಲಿ ಎರಡು ಪವರ್‌ಲೂಮ್ ಮಗ್ಗ ಇಟ್ಟುಕೊಂಡು ಸೀರೆ ನೇಯುತ್ತಾನೆ, ಓಣಿಯ ಹಿಂದಿನ ಹೊಲದ ತುಣುಕಿನಲ್ಲಿ ಪಲ್ಯ, ಅಂದರೆ ಸೊಪ್ಪು, ಬೆಳೆಯುತ್ತಾನೆ. ನಮ್ಮ ಮದುವೆಯಾದಾಗಿನಿಂದ, ಅಂದರೆ ಇಪ್ಪತ್ತೇಳು ವರ್ಷ, ಪ್ರತಿ ಭಾನುವಾರ ಖಾಸಬಾಗದ ಸಂತೆ ಮುಗಿಸಿ ಅಕ್ಕನ ಮನೆಗೆ ಒಂದು ಚೀಲ ತರಕಾರಿ ತರುತ್ತಾನೆ. ಆ ದಿನ ಮಳೆ. ಸೊಪ್ಪು ನೆನೆಯದಿರಲಿ ಎಂದು ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದ.

ನಾನು ಹೊಸ್ತಿಲಿಗೆ ಅಡ್ಡ ನಿಂತೆ. "ನಿಲ್ಲು ಈರಣ್ಣ. ಪ್ಲಾಸ್ಟಿಕ್ ಒಳಗ ಬರಂಗಿಲ್ಲ."

"ಆತ್ರಿ ಮಾಮಾ, ಚೀಲ ಹೊರಗ ಇಡ್ತೀನಿ. ಮೆಂತೆಪಲ್ಯ ಅಷ್ಟ ಒಳಗ ಹೋಗಲಿ."

"ಪಲ್ಯ ಎಲ್ಲೀದು?"

"ನಮ್ಮ ಹೊಲದ್ದರೀ. ಮತ್ತೆಲ್ಲೀದು?"

"ಪುರಾವೆ ಏನು?"

ಅವನು ನಕ್ಕ. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡ, ಪಾಪ. ಆಗ ನಾನು ಆಡಿದ ಮಾತನ್ನು ಇಲ್ಲಿ ಯಥಾವತ್ತಾಗಿ ದಾಖಲಿಸುತ್ತೇನೆ. "ವಡಗಾವಿ ಅಂದ್ರ ಊರ ಒಳಗಿಂದು. ಬಸ್ಸಿನ ಹೊಗಿ ಕುಡದ ಪಲ್ಯ ಅದು. ಖರೇ ಮಣ್ಣಿನ ಪಲ್ಯ ಅಂದ್ರ ಖಾನಾಪುರದ್ದು, ಕಾಡಿನ ಮಗ್ಗಲದ್ದು. ಇನ್ನ ಮುಂದ ಇದನ್ನ ತರಬ್ಯಾಡ."

ಈರಣ್ಣನ ನಗು ನಿಂತಿತು. "ಆತ್ರಿ ಮಾಮಾ," ಅಂದ. ಚೀಲ ಎತ್ತಿಕೊಂಡು ಮಳೆಯಲ್ಲೇ ಹೋದ.

ಸುಮಂಗಲಾ ನೀರಿನ ತಂಬಿಗೆ ಹಿಡಿದು ಹೊರಗೆ ಬರುವಷ್ಟರಲ್ಲಿ ಗೇಟು ಖಾಲಿ. ನಡೆದದ್ದನ್ನು ಹೆಮ್ಮೆಯಿಂದಲೇ ವರದಿ ಮಾಡಿದೆ. ಅವಳು ತಂಬಿಗೆ ಕೆಳಗಿಟ್ಟಳು.

"ಪಂಚಮಿಗೆ ಇನ್ನ ಹನ್ನೆರಡ ದಿನ ಐತಿ," ಅಂದಳು. ಅಷ್ಟೇ.

ಅಷ್ಟಕ್ಕೇ ನನ್ನ ಹೆಮ್ಮೆ ಇಳಿಯಿತು. ನಮ್ಮ ಕಡೆ ನಾಗರಪಂಚಮಿಗೆ ತವರಿನವರು ಬಂದು ಕರೆಯಬೇಕು. ಕರೆಯದೆ ಹೆಣ್ಣುಮಗಳು ಹೋಗುವುದಿಲ್ಲ. ಹೋದರೂ ಅದು ತವರಿಗೆ ಹೋದಂತಲ್ಲ. ಈರಣ್ಣ ಪ್ರತಿ ವರ್ಷ ಆಟೋ ತಂದು ಅಕ್ಕನನ್ನು ಊರಿನ ಈ ತುದಿಯಿಂದ ಆ ತುದಿಗೆ ಕರೆದೊಯ್ಯುತ್ತಾನೆ. ಅವಳೋ ಕಾಶಿಗೆ ಹೊರಟವಳಂತೆ ಬಟ್ಟೆ ಕಟ್ಟುತ್ತಾಳೆ. ಮೂರು ದಿನ ಜೋಕಾಲಿ, ಉಂಡಿ, ಓಣಿಯ ಗೆಳತಿಯರು. ವರ್ಷಕ್ಕೆ ಆ ಮೂರು ದಿನವೇ ಅವಳದು. ಅದನ್ನು ನಾನು ಒಂದು ಪ್ಲಾಸ್ಟಿಕ್ ಚೀಲದ ಜತೆ ಹೊರಗೆ ಕಳಿಸಿದ್ದೆ.

ಆದರೂ ಸೋಲೊಪ್ಪಲಿಲ್ಲ. ತಪ್ಪು ಮಾಡಿದವನಿಗೆ ಸಿಟ್ಟು ಜಾಸ್ತಿ ಬರುತ್ತದೆ, ನನಗೂ ಬಂತು.

ಸುಮಂಗಲಾ ಜಗಳ ಆಡಲಿಲ್ಲ. ಆದೇಶ ಪಾಲಿಸಿದಳು! ತೊಗರಿಬೇಳೆ ಕಲಬುರಗಿಯದು, ಬಂದ್. ಸಾಸಿವೆ ಎಲ್ಲಿಯದೋ ತಿಳಿಯದು, ಬಂದ್. ಇಂಗು, ಜೀರಿಗೆ, ಮೆಣಸು, ಎಲ್ಲ ಬಂದ್. ತಾಟಿನಲ್ಲಿ ಅನ್ನ, ಮೊಸರು, ಒಂದು ಹಸಿಮೆಣಸಿನಕಾಯಿ. ಬೆಳಿಗ್ಗೆ ಅದೇ, ರಾತ್ರಿ ಅದೇ. "ಪಲ್ಯ ಇಲ್ಲೇನು?" ಅಂದರೆ "ಪುರಾವೆ ಇದ್ದದ್ದ ಸಿಕ್ರ ತರ್ರಿ, ಮಾಡ್ತೀನಿ," ಅನ್ನುತ್ತಿದ್ದಳು. ಮಾರ್ಕೆಟ್ಟಿಗೆ ಹೋಗಿ ಬದನೆಕಾಯಿಯವನನ್ನು ವಿಚಾರಿಸಿದೆ. ಯಾವ ಊರು, ಯಾರ ಹೊಲ, ಎಂದು ಕಿತ್ತದ್ದು? ಅವನು ತಕ್ಕಡಿ ಕೆಳಗಿಟ್ಟು ಕೇಳಿದ, "ಕಾಕಾ, ಬದನಿಕಾಯಿ ತಗೋತೀರೋ, ಪಂಚನಾಮಾ ಮಾಡ್ತೀರೋ?"

ನಾಲ್ಕನೆಯ ದಿನ ತಾಳ್ಮೆ ತಪ್ಪಿತು. ನಾಲ್ಕು ಅರಿವೆ ಚೀಲ ಹೆಗಲಿಗೇರಿಸಿ, ರೇನ್‌ಕೋಟು ತೊಟ್ಟು, ಸ್ಕೂಟರಿನ ಮೇಲೆ ಖಾನಾಪುರಕ್ಕೆ ಹೊರಟೆ. ರೇನ್‌ಕೋಟು ಕೂಡ ಪ್ಲಾಸ್ಟಿಕ್ಕಿನದೇ ಎಂದು ಕುಲಕರ್ಣಿಯವರು ಹಿಂದಿನಿಂದ ಕೂಗಿದರು. ಬಿಚ್ಚಿ ಗೇಟಿಗೆ ತೂಗುಹಾಕಿ ಹೋದೆ! ಇಪ್ಪತ್ತಾರು ಕಿಲೋಮೀಟರ್ ಮಳೆ ನನ್ನ ಮೇಲೇ ಸುರಿಯಿತು. ಖಾನಾಪುರ ಮುಟ್ಟಿದಾಗ ನನ್ನನ್ನು ಹಿಂಡಿದ್ದರೆ ಒಂದು ಕೊಡ ನೀರು ಬರುತ್ತಿತ್ತು.

ಬಸ್‌ ನಿಲ್ದಾಣದ ಹತ್ತಿರ ತಾಡಪತ್ರಿಯ ಕೆಳಗೆ ಒಬ್ಬ ಅವ್ವ ಪಲ್ಯ ಹರವಿಕೊಂಡು ಕೂತಿದ್ದಳು. "ಘ್ಯಾ ಕಾಕಾ, ತಗೋರಿ, ತಾಜಾ ಐತಿ," ಅಂದಳು. ಎಂಥ ಮೆಂತೆ! ಎಲೆ ಎಲೆಯಲ್ಲೂ ನೀರು. ಕಟ್ಟು ಕೂಡ ಎಷ್ಟು ಚಂದ! ಕಡುಗುಲಾಬಿ, ಅಂದರೆ ರಾಣಿ ಬಣ್ಣದ ನೂಲು ಎರಡು ಸುತ್ತು ಸುತ್ತಿ ಗಂಟು ಹಾಕಿದ್ದರು. ಹಳ್ಳಿಯವರ ಕೈಯ ಹದವೇ ಬೇರೆ ಎಂದುಕೊಂಡು ವಿಚಾರಣೆ ಶುರುಮಾಡಿದೆ.

"ಇದು ಇಲ್ಲೇ ಬೆಳದದ್ದಲ್ಲ ಬೇ?"

"ಹೂಂರಿ."

"ಕಾಡಿನ ಮಗ್ಗಲ ಹೊಲದ್ದು?"

"ಹೂಂರಿ."

"ಔಷಧ ಗಿವುಷಧ ಏನೂ ಹೊಡದಿಲ್ಲಲ್ಲ?"

"ಇಲ್ರಿ."

ಸಾಕ್ಷಿಯ ಬಾಯಿಗೆ ಉತ್ತರ ನಾವೇ ಇಡಬಾರದು ಎನ್ನುವುದು ಕಚೇರಿಯಲ್ಲಿ ನಾನು ಕಲಿತ ಮೊದಲ ಪಾಠ. ಅದನ್ನು ಮರೆತು ಅವಳ ಹತ್ತಿರವಿದ್ದ ಮೆಂತೆಯನ್ನೆಲ್ಲ ಎರಡು ಚೀಲಕ್ಕೆ ತುಂಬಿದೆ. ಸ್ಕೂಟರಿಗೆ ಕಿಕ್ ಹೊಡೆದೆ. ಅದು ಕೆಮ್ಮಿತು. ಇನ್ನೊಂದು ಕಿಕ್. ಅದೂ ಇಲ್ಲ. ಒಳಗೆ ನೀರು ಹೋಗಿತ್ತು!

ಕೊನೆಗೆ ಬೆಳಗಾವಿಗೆ ಖಾಲಿ ಹೊರಟಿದ್ದ ಟೆಂಪೋ ಒಂದರ ಮೇಲೆ ಸ್ಕೂಟರ್ ಹೇರಿಸಿ, ನಾನು ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಡ್ರೈವರನ ಬಾಜು ಕೂತೆ. ಸುಮ್ಮನೆ ಕೂರಬಹುದಿತ್ತು. ಉಪದೇಶ ಶುರುಮಾಡಿದೆ.

"ಖಾಲಿ ಗಾಡಿ ಯಾಕ ಓಡಿಸ್ತಿಯೋ ಮಾರಾಯಾ? ಇಲ್ಲೀ ಪಲ್ಯ ಬೆಳಗಾವಿಗೆ ಒಯ್ಯಬಾರದೇನು?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಈ ಮಳಿಯಾಗ ಇಲ್ಲಿ ಭತ್ತ ಬಿಟ್ರ ಏನೈತ್ರಿ ಕಾಕಾ? ಪಲ್ಯ ಎಲ್ಲಾ ಬೆಳಗಾವಿ ಮಾರ್ಕೆಟ್‌ನಿಂದ ಬರೂದು. ದಿನಾ ಮುಂಜಾನಿ ನಾನ ತರ್ತೀನಿ. ನಿಮ್ಮ ತೊಡಿ ಮ್ಯಾಲಿಂದೂ ನಾನ ತಂದದ್ದು."

ನಾನು ಎರಡೂ ಚೀಲಗಳ ಬಾಯಿ ಮುಚ್ಚಿ ಹಿಡಿದುಕೊಂಡೆ.

ಇಲ್ಲಿ ಒಂದು ಅಪರಾಧ ಒಪ್ಪಿಕೊಳ್ಳಬೇಕು. ಡ್ರೈವರ್ ಹೇಳಿದ್ದನ್ನು ನುಂಗಿಕೊಂಡೆ. ಕುಲಕರ್ಣಿಯವರಿಗೂ ಕೇಳಲಿ ಎಂದು ಗೇಟಿನಿಂದಲೇ ಕೂಗಿದೆ, "ಸುಮಂಗಲಾ! ಬಂತ ನೋಡು ಖಾನಾಪುರದ ಖರೇ ಮೆಂತೆ!"

ಸುಮಂಗಲಾ ಚೀಲಕ್ಕೆ ಕೈಹಾಕಿ ಒಂದು ಕಟ್ಟು ತೆಗೆದಳು. ನೋಡಿದಳು. ಗಂಟು ಬಿಚ್ಚಿದಳು. ಅಡುಗೆಮನೆಗೆ ಹೋಗಿ ಮೊಳೆಯ ಮೇಲಿನ ಉಂಡೆ ತಂದು ನನ್ನ ಮುಂದೆ ಹಿಡಿದಳು. ಉಂಡೆಯ ಮೇಲಿನ ಸುತ್ತು ರಾಣಿ ಬಣ್ಣ. ಕೈಯಲ್ಲಿದ್ದ ನೂಲೂ ರಾಣಿ ಬಣ್ಣ.

"ಈರಣ್ಣನ ಮಗ್ಗದಾಗ ಈ ತಿಂಗಳ ರಾಣಿ ಬಣ್ಣದ ಸೀರಿ ನಡದಾವ. ಮಗ್ಗದಾಗ ಉಳದ ನೂಲಿಲೇ ಪಲ್ಯ ಕಟ್ಟೂದು ನಮ್ಮವ್ವನ ರೂಢಿ. ಈ ಎರಡ ಸುತ್ತಿನ ಗಂಟೂ ನಮ್ಮವ್ವಂದ. ನಮ್ಮ ಮನಿ ಪಲ್ಯ ನೀವು ಬ್ಯಾಡ ಅಂದ್ರಿ, ಅಂವ ಮಾರ್ಕೆಟ್ಟಿಗೆ ಹಾಕ್ಯಾನ."

ನಾನು ಎರಡೂ ನೂಲನ್ನು ಪಕ್ಕಪಕ್ಕ ಹಿಡಿದು ನೋಡಿದೆ.

"ಪುರಾವೆ ಬೇಕಾಗಿತ್ತಲ್ಲ ನಿಮಗ?" ಅಂದಳು. "ಅಂವ ತಂದ ಕಟ್ಟಿನ ನೂಲು, ಇಪ್ಪತ್ತೇಳು ವರ್ಷದ್ದು, ಮೊಳಿಗೆ ಜೋತು ಬಿದ್ದಿತ್ತು. ಕಸ ಅಂದ್ರಿ."

ಅವಳ ಕಣ್ಣಲ್ಲಿ ನೀರಿತ್ತು. ನನಗೆ ನನ್ನ ಮೇಲೆ ಬಂದ ಸಿಟ್ಟು ಸೇಬುಹಣ್ಣಿನ ಮೇಲೂ ಬಂದಿರಲಿಲ್ಲ. ಮನೆ ಬಾಗಿಲಿಗೆ ಬಂದ ಪಲ್ಯವನ್ನು ಹಿಂದಕ್ಕೆ ಕಳಿಸಿದೆ. ಅದೇ ಹೊಲದ ಪಲ್ಯ ಮಾರ್ಕೆಟ್ಟು ಸುತ್ತಿ, ಟೆಂಪೋ ಹತ್ತಿ, ಖಾನಾಪುರ ನೋಡಿ ಬಂತು. ಸೇಬುಹಣ್ಣಾದರೂ ತಾನೇ ಬಂದಿತ್ತು. ಈ ಮೆಂತೆಯನ್ನು ಕರೆತರಲು ನಿವೃತ್ತ ಶಿರಸ್ತೇದಾರನೇ ಹೋಗಬೇಕಾಯಿತು! ಆದೇಶ ಬರೆದವನು ನಾನು, ಯಾವ ಆದೇಶವೂ ಇಲ್ಲದೆ ನೂಲಿನ ತುಂಡನ್ನೂ ಎಸೆಯದೆ ಬದುಕಿದವಳು ಅವಳು.

ಮರುದಿನ ವಡಗಾವಿಗೆ ಹೋದೆ. ತಪ್ಪಾಯಿತು ಎನ್ನುವ ಮಾತು ಶಿರಸ್ತೇದಾರನ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ. ದಾರಿಯುದ್ದಕ್ಕೂ ಮರ್ಯಾದೆಗೆ ಧಕ್ಕೆಯಾಗದ ಒಂದು ವಾಕ್ಯ ರಚಿಸಿಕೊಂಡಿದ್ದೆ. ಓಣಿಯ ತುಂಬ ಮಗ್ಗಗಳ ಖಟಾ ಖಟಾ. ಈರಣ್ಣ ಮಗ್ಗದ ಮುಂದೆ ನಿಂತಿದ್ದ, ಕತ್ತು ಎತ್ತಲಿಲ್ಲ.

"ಈರಣ್ಣ, ನನ್ನ ಕಡಿಂದ ಒಂದ ಸಣ್ಣ ಲೋಪ ಆಗೇತಿ!"

"ಏನ್ರಿ?"

"ಲೋಪ! ಸಣ್ಣ ಲೋಪ!"

"ಕೇಳವಲ್ದ್ರಿ ಮಾಮಾ!"

ಮರ್ಯಾದೆಯ ವಾಕ್ಯ ಮಗ್ಗದ ಸದ್ದಿಗೆ ನಿಲ್ಲಲಿಲ್ಲ. ಉಸಿರೆಳೆದು ಗಂಟಲು ಹರಿಯುವಂತೆ ಕೂಗಿದೆ. ಸರಿಯಾಗಿ ಆಗಲೇ ಕರೆಂಟು ಹೋಗಬೇಕೆ! ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ ವಡಗಾವಿಯ ತುಂಬ ನನ್ನ ದನಿ ಒಂದೇ. "ನಂದ ತಪ್ಪಾತೋ! ನಾ ಶಾಣ್ಯಾ ಅಲ್ಲೋ! ನಿನ್ನ ಪಲ್ಯ ಇಲ್ಲದ ನಮ್ಮ ಮನಿ ನಡ್ಯಂಗಿಲ್ಲೋ!"

ಪ್ರತಿ ಬಾಗಿಲಿನಿಂದಲೂ ಒಂದೊಂದು ಮುಖ ಹೊರಬಂತು.

ಈರಣ್ಣ ನಿಧಾನವಾಗಿ ಕೈ ಒರೆಸಿಕೊಂಡ. "ಇಷ್ಟ ಜೋರ ಯಾಕ್ರಿ ಮಾಮಾ? ಹುಟ್ಟಿದಾಗಿಂದ ಈ ಸಪ್ಪಳದಾಗ ಅದೀನಿ. ಮೊದಲನೇ ಸಲಾನ ಕೇಳಿತ್ತು."

"ಹಂಗಾದ್ರ ಪಂಚಮಿಗೆ ಅಕ್ಕನ್ನ ಕರಿಯಾಕ ಬರ್ತಿ ಹೌದಲ್ಲೋ?"

"ನೋಡೂಣ್ರಿ," ಅಂದ. ಅಷ್ಟರಲ್ಲಿ ಅವನ ಹೆಂಡತಿ ಚಾ ತಂದಿಟ್ಟಳು. ಎರಡು ಕಪ್ಪು ಕುಡಿದೆ. ಚಾಪುಡಿ ಎಲ್ಲಿ ಬೆಳೆದದ್ದು ಎಂದು ಕೇಳಲಿಲ್ಲ.

ಪಂಚಮಿಯ ಹಿಂದಿನ ದಿನ ಬೆಳಿಗ್ಗೆಯೇ ಸುಮಂಗಲಾ ಬಟ್ಟೆ ಕಟ್ಟಿಟ್ಟಿದ್ದಳು. ಕಟ್ಟಿಲ್ಲ ಎಂಬಂತೆ ಚೀಲವನ್ನು ಬಾಗಿಲ ಹಿಂದೆ ಸರಿಸಿ, ಹೊರಗಿನ ಕೋಣೆಯಲ್ಲಿ ಪೇಪರ್ ಓದುತ್ತ ಕೂತಳು. ಒಂದೇ ಪುಟವನ್ನು ಮಧ್ಯಾಹ್ನದ ತನಕ ಓದಿದಳು. ಮಳೆ ಹೊಡೆಯುತ್ತಿತ್ತು. ಮೂರು ಗಂಟೆಗೆ ಗೇಟಿನ ಮುಂದೆ ಆಟೋ ನಿಂತಿತು.

ಈರಣ್ಣ! ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆಯ ಕೊಪ್ಪೆ, ಎರಡೂ ಕೈಯಲ್ಲಿ ಎರಡು ಪ್ಲಾಸ್ಟಿಕ್ ಚೀಲ. ಹೊಸ್ತಿಲ ಹೊರಗೆ ನಿಂತ.

"ಮಾಮಾ, ಪ್ಲಾಸ್ಟಿಕ್ ಐತ್ರಿ."

ಸುಮಂಗಲಾ ನನ್ನನ್ನು ನೋಡಿದಳು. ಕಂಪೌಂಡಿನ ಮೇಲಿಂದ ಕುಲಕರ್ಣಿಯವರೂ ನೋಡಿದರು.

"ಬಾರೋ ಒಳಗ. ಪ್ಲಾಸ್ಟಿಕ್‌ ಸುದ್ದಾ ಬಾ, ಕುಂದರ," ಅಂದೆ.

ಅಕ್ಕ ತಮ್ಮ ಇಬ್ಬರೂ ಎಷ್ಟು ನಕ್ಕರೆಂದರೆ, ಆಟೋದವನು ಹಾರ್ನ್ ಹೊಡೆದು ನೆನಪಿಸಬೇಕಾಯಿತು. ಹೋಗುವಾಗ ಸುಮಂಗಲಾ ಅಂದಳು, "ಮೂರ ದಿನ ಪಲ್ಯ ನೀವ ಮಾಡಿಕೊಳ್ರಿ. ನೂಲು ಮಾತ್ರ ಒಗೀಬ್ಯಾಡ್ರಿ, ಉಂಡಿಗೆ ಸುತ್ತಿ ಇಡ್ರಿ."

ಅಷ್ಟು ಸುಲಭದ ಕೆಲಸ! ಮೆಂತೆಯ ಗಂಟು ಬಿಚ್ಚಿದೆ, ಮೊಳೆಯಿಂದ ಉಂಡೆ ಇಳಿಸಿದೆ, ಸುತ್ತಲು ಹೊರಟೆ. ಕೈ ಒದ್ದೆಯಿತ್ತು. ಉಂಡೆ ಜಾರಿ ಬಿತ್ತು, ಒಲೆಯ ಕಟ್ಟೆಯ ಕೆಳಗೆ ಉರುಳಿತು, ಫ್ರಿಜ್ಜಿನ ಹಿಂದೆ ನುಸುಳಿತು. ನೂಲು ಹಿಡಿದು ಎಳೆದೆ. ಎಳೆದಷ್ಟೂ ಬಿಚ್ಚಿಕೊಂಡಿತು. ಈಗ ಇಪ್ಪತ್ತೇಳು ವರ್ಷದ ಪುರಾವೆ ಅಡುಗೆಮನೆಯ ತುಂಬ ಹರಡಿಕೊಂಡು ಬಿದ್ದಿದೆ. ಅವಳು ಬರಲು ಇನ್ನೂ ಎರಡು ದಿನ ಇದೆ.

ಸುತ್ತುತ್ತ ಕೂತಿದ್ದೇನೆ.