ಚಾದರದ ಹಾಯಿಯ ಹಡಗು

ಸಮುದ್ರವೇ ಇಲ್ಲದ ಊರಿನಲ್ಲಿ ಹಡಗು ಕಟ್ಟಲು ಹೊರಟರೆ ಇಂಥವು ಆಗುತ್ತಲೇ ಇರುತ್ತವೆ. ನಮಗೆ ಎರಡು ವರ್ಷ ಆಗುತ್ತಲೇ ಇದ್ದವು. ನಾನು ಬಿ.ಎಸ್ಸಿ. ಓದಿದವನು; ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ. ನಗುವುದು ಓದುವವರಿಗೆ ಬಿಟ್ಟದ್ದು. ಆಗ ನನಗಂತೂ ನಗು ಬಂದಿರಲಿಲ್ಲ. ಆ ಎರಡು ವರ್ಷ ನನಗೆ ಊಟವೂ ಸರಿಯಾಗಿ ಸೇರಲಿಲ್ಲ.

೧. ಮೊದಲನೆಯ ನಿಯಮ

ನನ್ನ ಗೆಳೆಯನೊಬ್ಬ ಸೋಲಾಪುರದ ಚಾದರದ ವ್ಯಾಪಾರಿಯ ಮಗ. ಅಂಗಡಿಯ ಕೆಲಸಕ್ಕೆಂದು ಗೋವೆಗೆ ಹೋದವನು ಅಲ್ಲಿ ಒಂದು ಹಾಯಿಹಡಗು ನೋಡಿ ಬಂದ. ಅದರಲ್ಲಿ ಏಳೆಂಟು ಮಂದಿ ವಿದೇಶಿಯರು ಕೂಡಿ ಬಾಳುತ್ತಿದ್ದರಂತೆ. ಒಂದೇ ಒಲೆ, ಒಂದೇ ಪಾತ್ರೆ. ಯಾರಿಗೆ ಯಾರೂ ಮಾಲಕರಲ್ಲ. ಒಂದು ಊರು ಬೇಸರ ಬಂದರೆ ಹಾಯಿ ಬಿಚ್ಚಿ ಇನ್ನೊಂದಕ್ಕೆ ಹೊರಡುವುದು. ಅದನ್ನು ಕಂಡು ಬಂದ ಮೇಲೆ ಅವನಿಗೆ ಅಂಗಡಿಯ ಗಾದಿ ಚುಚ್ಚತೊಡಗಿತು.

ಅವನ ಮನೆತನದ ವಾಡೆಯ ಅಂಗಳದಲ್ಲಿ ಐವರು ಸೇರಿದೆವು. ಅವನು, ಒಬ್ಬ ಬಡಿಗ, ಒಬ್ಬ ಡ್ರಾಯಿಂಗ್ ಮಾಸ್ತರ, ಒಬ್ಬ ಖಾನಾವಳಿಯವ, ಮತ್ತು ನಾನು. ಅವನು ಕ್ಯಾಪ್ಟನ್ ಎಂದು ಅವನೇ ಗೊತ್ತುಮಾಡಿದ. ನಾವೇ ಹಡಗು ಕಟ್ಟಿ, ರತ್ನಾಗಿರಿಗೆ ಒಯ್ದು, ಅಲ್ಲಿಂದ ಮುಂದೆ ನೀರಿನ ಮೇಲೇ ಸಂಸಾರ. ನನಗೆ ನೌಕರಿ ಸಿಕ್ಕಿರಲಿಲ್ಲ. ನನ್ನ ಡಿಗ್ರಿಯಿಂದ ಏನಾದರೂ ಉಪಯೋಗ ಉಂಟು ಎಂದು ನಂಬಿದವರು ಇಡೀ ಸೋಲಾಪುರದಲ್ಲಿ ಈ ನಾಲ್ವರೇ. ನನ್ನನ್ನು ಹೆಸರಿನಿಂದಲೂ ಕರೆಯುತ್ತಿರಲಿಲ್ಲ, ಬಿ.ಎಸ್ಸಿ. ಎಂದೇ ಕರೆಯುತ್ತಿದ್ದರು.

ಕ್ಯಾಪ್ಟನ್ ವಹಿ ತೆಗೆದು ಮೊದಲನೆಯ ನಿಯಮ ಓದಿದ. "ಈಜ ಬರೋರು ಅಷ್ಟ ಬರಬೇಕು. ಬರ್ಲಾರದವರು ಈಗ ಎದ್ದ ಹೋಗ್ರಿ. ಸಿಟ್ಟಿಲ್ಲ."

ಯಾರೂ ಏಳಲಿಲ್ಲ. ಅವನು ಒಬ್ಬೊಬ್ಬರನ್ನೇ ಕೇಳಿದ. ಬಡಿಗ ಹೂಂ ಎಂದ. ಮಾಸ್ತರ ನಕ್ಕು, ಇದೇನು ಕೇಳುವ ಮಾತೇ ಎಂದರು. ಖಾನಾವಳಿಯವ ತಾನು ಬಾವಿಯಲ್ಲೇ ಬೆಳೆದವನೆಂದ. ಆಮೇಲೆ ಕ್ಯಾಪ್ಟನ್ ನನ್ನ ಕಡೆ ತಿರುಗಿ, "ಬಿ.ಎಸ್ಸಿ., ನಿನಗ?" ಎಂದ.

ನಾನು ನೀರಿನ ಸಾಂದ್ರತೆ ಎಷ್ಟು, ಮನುಷ್ಯನ ದೇಹದ ಸಾಂದ್ರತೆ ಎಷ್ಟು ಎಂದು ಹೇಳಿದೆ. ಅದನ್ನೇ ಅವರು ಹೌದು ಎಂದು ಬರೆದುಕೊಂಡರು.

ಮನೆಗೆ ಹೋಗುವಾಗ ಲೆಕ್ಕ ಹಾಕಿದೆ. ನಿಜ ಹೇಳಿದರೆ ನಾಲ್ವರು ಗೆಳೆಯರು ಹೋಗುತ್ತಾರೆ. ಹೇಳದಿದ್ದರೆ ನಾನು ಹೋಗುತ್ತೇನೆ.

೨. ಇಟ್ಟಿಗೆಯ ಮೇಲೆ ಸಂಸಾರ

ಹಡಗಿಗೆ ನಕ್ಷೆ ಎಂದರೆ ಗೋವೆಯಿಂದ ತಂದ ಒಂದು ಬಣ್ಣದ ಕಾರ್ಡು. ಬಡಿಗ ಅಲ್ಲಿಯತನಕ ಬಾಗಿಲು, ಮಂಚ, ತೊಟ್ಟಿಲು ಮಾಡಿದವನು. ಹಡಗು ಮೂರರಂತೆಯೂ ಆಯಿತು. ಮುಂದುಗಡೆ ಒಂದು ಹೊಸ್ತಿಲೂ ಇತ್ತು. ಕ್ಯಾಪ್ಟನ್ನನ ತಾಯಿ ದಿನಾ ಅದಕ್ಕೆ ಅರಿಸಿನ ಕುಂಕುಮ ಹಚ್ಚುತ್ತಿದ್ದರು.

ನೀರಿಗೆ ಇಳಿಯುವ ಮೊದಲು ಕೂಡಿ ಬಾಳುವುದನ್ನು ಕಲಿಯಬೇಕು ಎಂದು ಕ್ಯಾಪ್ಟನ್ ಹೇಳಿದ. ಅಂಗಳದಲ್ಲಿ ಇಟ್ಟಿಗೆಯ ಮೇಲೆ ನಿಂತ ಹಡಗಿನಲ್ಲಿ ಏಳು ದಿನ ಇರುವುದು. ಆ ಏಳು ದಿನ ಅಂಗಳವೇ ಸಮುದ್ರ. ಕಾಲು ಕೆಳಗಿಡುವ ಹಾಗಿಲ್ಲ. ಪ್ರಾತರ್ವಿಧಿಗೆ ಮಾತ್ರ ರಜೆ. ಅಪಾಯ ಬಂದರೆ ಎಲ್ಲರೂ ಇಳಿದ ಮೇಲೆ ಕೊನೆಗೆ ಕ್ಯಾಪ್ಟನ್ ಇಳಿಯತಕ್ಕದ್ದು ಎಂದೂ ವಹಿಯಲ್ಲಿ ಬರೆದಿದ್ದ.

ಮೊದಲನೆಯ ದಿನ ಮಾಸ್ತರರಿಗೆ ತಲೆ ಸುತ್ತಿತು. ಹಡಗು ಅಲುಗಾಡಿರಲಿಲ್ಲ. ಎರಡನೆಯ ದಿನ ಪಾತ್ರೆ ತೊಳೆಯುವುದು ಯಾರು ಎಂಬ ಮಾತಿನಲ್ಲಿ ಬಡಿಗನೂ ಖಾನಾವಳಿಯವನೂ ಮಾತು ಬಿಟ್ಟರು. ಇಬ್ಬರ ನಡುವೆ ಎರಡು ಗೇಣು ಜಾಗ ಇದ್ದುದರಿಂದ ಉಳಿದವರಿಗೆ ಕಷ್ಟವಾಯಿತು. ನನ್ನ ಚಿಂತೆ ಬೇರೆ. ಇಟ್ಟಿಗೆಯ ಮೇಲಿನ ಹಡಗು ಮುಳುಗುವುದಿಲ್ಲ, ಆದರೆ ಬೀಳಬಹುದು. ಎತ್ತರ ನಾಲ್ಕು ಅಡಿ. ನಾನು ಒಂದು ಕೈಯಲ್ಲಿ ಅಂಚು ಹಿಡಿದುಕೊಂಡೇ ಊಟ ಮಾಡಿದೆ.

ಮೂರನೆಯ ದಿನ ಹತ್ತು ಗಂಟೆಗೆ ಕ್ಯಾಪ್ಟನ್ನನ ತಾಯಿ ಒಳಗಿನಿಂದ, "ನಳಾ ಬಂತು ನೋಡ್ರೋ," ಎಂದು ಕೂಗಿದರು. ಅದು ಬೇಸಿಗೆ, ಎರಡು ದಿನದಿಂದ ನಳ ಬಂದಿರಲಿಲ್ಲ. ಹಡಗು ಒಂದು ಕ್ಷಣದಲ್ಲಿ ಖಾಲಿಯಾಯಿತು. ಮೊದಲು ಜಿಗಿದವನು ಕ್ಯಾಪ್ಟನ್. ನಾವು ಇಳಿಯುವಷ್ಟರಲ್ಲಿ ಅವನು ಎರಡು ಕೊಡ ಹಿಡಿದು ಪಾಳಿಯಲ್ಲಿ ನಿಂತಿದ್ದ.

ಕೊಡಗಳೆಲ್ಲ ತುಂಬಿದ ಮೇಲೆ ತಾಯಿ ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದರು. "ನೀರ ಬಂತಂದ್ರ ಹಡಗ ಬಿಟ್ಟ ಓಡ್ತೀರಿ. ಸಮುದ್ರದಾಗ ಹೆಂಗ ಮಾಡ್ತೀರಪ್ಪಾ?"

೩. ಮೂವತ್ತೆರಡು ಮೆಟ್ಟಿಲು

ಹಡಗಿಗೆ ಡಾಂಬರು ಬಳಿಯುವ ದಿನ ಬಂತು. ನನಗೆ ಇನ್ನು ತಡೆಯುವುದಾಗಲಿಲ್ಲ. ಅತ್ತೆಯನ್ನು ನೋಡಿ ಬರುತ್ತೇನೆಂದು ಸುಳ್ಳು ಹೇಳಿ ವಳಸಂಗಕ್ಕೆ ಸೋದರಮಾವನ ತೋಟಕ್ಕೆ ಹೋದೆ. ಅಲ್ಲಿ ಮೆಟ್ಟಿಲಿನ ಬಾವಿ ಇದೆ. ಮೊದಲು ಪುಸ್ತಕ ನೋಡಿ, ಮಂಚದ ಮೇಲೆ ಬೋರಲು ಮಲಗಿ, ಕೈಕಾಲು ಆಡಿಸುವುದನ್ನು ಎರಡು ದಿನ ಅಭ್ಯಾಸ ಮಾಡಿದೆ. ಮಂಚದ ಮೇಲೆ ನನಗೆ ಬಹಳ ಚೆನ್ನಾಗಿ ಬಂತು.

ಮೂರನೆಯ ದಿನ ಮಾವ ಬೆನ್ನಿಗೆ ಒಣಗಿದ ಸೋರೆಬುರುಡೆ ಎರಡು ಕಟ್ಟಿ, "ಹೂಂ, ಇಳಿ," ಎಂದ. ಹಿಂದೆ ಆರು ವರ್ಷದ ಅವನ ಮಗಳು ನಿಂತಿದ್ದಳು. ಅವಳು ಬೆಳಿಗ್ಗೆಯಿಂದ ನಾಲ್ಕು ಸಲ ಮೇಲಿನಿಂದ ಜಿಗಿದಿದ್ದಳು. ನಾನು ಎಣಿಸುತ್ತ ಇಳಿದೆ. ಬಾವಿಗೆ ಮೂವತ್ತೆರಡು ಮೆಟ್ಟಿಲು. ಮೂವತ್ತಮೂರನೆಯದು ನೀರು. ಅದು ಕಪ್ಪಗೆ, ಅಲುಗಾಡದೆ, ನನ್ನನ್ನೇ ನೋಡುತ್ತಿತ್ತು.

ನಾಲ್ಕು ದಿನ ಅಲ್ಲಿದ್ದೆ. ಹೊರಡುವಾಗ ಅತ್ತೆ, ಈಜು ಎಲ್ಲಿಗೆ ಬಂತು ಎಂದು ಕೇಳಿದರು. ಮಾವ ನನಗಿಂತ ಮೊದಲು ಉತ್ತರ ಕೊಟ್ಟ. "ಮೂವತ್ತೆರಡೂ ಕಲ್ತಾನ. ಒಂದ ಉಳದದ."

೪. ಹಾಯಿ

ಹಾಯಿಗೆ ಕ್ಯಾನ್ವಾಸ್ ಬೇಕು. ಆದರೆ ಕ್ಯಾಪ್ಟನ್ ಚಾದರದ ಮನೆಯವನು. ಪರದೇಶಕ್ಕೆ ಹೋಗುವ ಮಾಲು ಹಾಯಿಗೆ ಆಗದೇ ಎಂದ. ನೇಯ್ಗೆಯಲ್ಲಿ ತಪ್ಪಿದ ಆರು ಚಾದರಗಳನ್ನು ಅವನ ತಂದೆ ಕೊಟ್ಟರು. ಮಗ ಎಲ್ಲಾದರೂ ಹೋಗಿ ಬುದ್ಧಿ ಕಲಿತು ಬರಲಿ ಎಂಬ ಆಸೆ ಅವರಿಗೂ ಇತ್ತು. ಆರನ್ನೂ ಜೋಡಿಸಿ ಹೊಲಿದೆವು. ಕೆಂಪು ನೆಲದ ಮೇಲೆ ಹಸಿರು ನವಿಲು, ಸಾಲಿಗೆ ಎಂಟು.

ನಾನು ತೂಕ ಮಾಡಿದೆ. ಒಣಗಿದಾಗ ಒಬ್ಬ ಎತ್ತಬಹುದು, ತೊಯ್ದಾಗ ಮೂವರು ಬೇಕು. ಇದನ್ನು ವಹಿಯಲ್ಲಿ ಬರೆದೆ, ಯಾರೂ ಓದಲಿಲ್ಲ. ನನಗೆ ಒಳಗೊಳಗೇ ಸಮಾಧಾನವಾಯಿತು. ಇಷ್ಟು ಭಾರದ ಬಟ್ಟೆ ಗಾಳಿಗೆ ಏಳುವುದಿಲ್ಲ. ಏಳದ ಹಾಯಿಯ ಹಡಗು ದಂಡೆ ಬಿಡುವುದಿಲ್ಲ.

ಗಾಳಿ ಹಿಡಿಯುತ್ತದೆಯೋ ನೋಡಲು ಒಂದು ಮುಂಜಾನೆ ಅದನ್ನು ಮಾಳಿಗೆಯ ಮೇಲೆ ಎರಡು ಬಿದಿರಿಗೆ ಕಟ್ಟಿ, ನಾಷ್ಟಾಕ್ಕೆ ಕೆಳಗಿಳಿದೆವು. ಅರ್ಧ ತಾಸಿನ ಮೇಲೆ ಹತ್ತಿದರೆ ಬಿದಿರು ಇದ್ದವು, ಹಾಯಿ ಇರಲಿಲ್ಲ. ಗಾಳಿಗೆ ಹಾರಿತೆಂದು ಕ್ಯಾಪ್ಟನ್ ಕುಣಿದಾಡಿದ. ನಾನು ಬಿದಿರು ಹಿಡಿದುಕೊಂಡೆ. ಆರು ಚಾದರ ಹಾರಿಸುವ ಗಾಳಿ ಹಡಗನ್ನು ಎಲ್ಲಿಗೆ ಒಯ್ದೀತು?

ಗಾಳಿಯಲ್ಲ. ಅಕ್ಕಲಕೋಟೆಯ ಕಡೆಯ ಮಂದಿ ಲಗ್ನದ ಜವಳಿಗೆ ಬಂದಿದ್ದರಂತೆ. ಬೀದಿಯಿಂದ ಕಂಡ ನವಿಲು ಅವರಿಗೆ ಮನಸ್ಸಿಗೆ ಬಂತು. ತಂದೆ ಹಾಯಿಯನ್ನು ಇಳಿಸಿ, ಮಡಚಿ, ಕೊಟ್ಟು ಕಳಿಸಿದ್ದರು. ಮಗ ಕೂಗಾಡಿದ. ತಂದೆ ಶಾಂತವಾಗಿ, ಮಾಲು ಮ್ಯಾಲ ತೂಗ ಹಾಕೂದು ಮಾರಾಕಲ್ಲದ ಮತ್ತ್ಯಾಕ, ಎಂದು ಕೇಳಿದರು.

ಅಷ್ಟು ದೊಡ್ಡದು ಅವರಿಗೇಕೆ ಎಂದು ನಾನು ವಿಚಾರಿಸಿದೆ. ಅವರದು ಹದಿನಾಲ್ಕು ಮಂದಿಯ ಮನೆಯಂತೆ. ಎಲ್ಲರಿಗೂ ಒಂದೇ ಹೊದಿಕೆ ಆಗುತ್ತದೆಂದು ಖುಷಿಯಿಂದ ಒಯ್ದರಂತೆ. ಕೂಡಿ ಬಾಳುವ ನಮ್ಮ ಕನಸು ಹೀಗೆ ನಮಗಿಂತ ಮೊದಲು ಅವರಿಗೆ ಕೈಗೂಡಿತು.

೫. ಕುರನೂರು

ಇನ್ನೂ ಆರು ಚಾದರ ಬಂದವು. ಹಡಗು ಮುಗಿಯಿತು. ರತ್ನಾಗಿರಿಗೆ ಒಯ್ಯುವ ಮೊದಲು ಒಮ್ಮೆ ನೀರಿಗೆ ಬಿಟ್ಟು ನೋಡುವುದೆಂದು ಗೊತ್ತಾಯಿತು. ಜಾಗ ಅಕ್ಕಲಕೋಟೆಯ ಆಚೆ ಕುರನೂರಿನ ಹತ್ತಿರ, ಬೋರಿ ಹೊಳೆಯ ನೀರು ಅಗಲಕ್ಕೆ ನಿಂತಿರುವಲ್ಲಿ.

ಹಡಗನ್ನು ಟ್ರಕ್ಕಿನಲ್ಲಿ ಹೇರಿದೆವು. ಅಕ್ಕಲಕೋಟೆಯ ಪೇಟೆ ದಾಟುವಾಗ ಹೊಸ್ತಿಲಿನ ಕುಂಕುಮ ಕಂಡು ಜನ ಕೈಮುಗಿದರು. ಕ್ಯಾಪ್ಟನ್ ಎದ್ದು ನಿಂತು ತಿರುಗಿ ಕೈಮುಗಿದ. ಹೊರಟವರಿಗೆ ಜನ ಹೀಗೆ ಸಾಲಾಗಿ ನಿಂತು ಕೈಮುಗಿಯುವುದು ನನಗೆ ಒಳ್ಳೆಯ ಲಕ್ಷಣವಾಗಿ ತೋರಲಿಲ್ಲ.

ದಂಡೆಯ ಮೇಲೆ ಒಬ್ಬ ಮುದುಕ ಕುರಿ ಮೇಯಿಸುತ್ತ ಕೂತಿದ್ದ. ಕುರುಬರ ದೇವರು ಬಿರೋಬಾನ ಭಕ್ತ. ನಮ್ಮ ಐವರ ಹಣೆಗೂ ಹಡಗಿನ ಹೊಸ್ತಿಲಿಗೂ ಭಂಡಾರದ ಅರಿಸಿನ ಹಚ್ಚಿ, ಮತ್ತೆ ಹೋಗಿ ತನ್ನ ಕಲ್ಲಿನ ಮೇಲೆ ಕೂತ. ಹಡಗಿನ ಹಿಂಭಾಗ ದಂಡೆಯ ಕಡೆಗೆ ಮಾಡಿ ಮೊಣಕಾಲುದ್ದ ನೀರಿಗೆ ನೂಕಿ ಇಟ್ಟೆವು. ನಾಷ್ಟಾ ಮುಗಿಸಿ ಹೊರಡುವುದು.

ನನ್ನ ಹಾಸಿಗೆಯ ಸುರುಳಿಯಲ್ಲಿ ಒಂದು ಬಾವಿಯ ಹಗ್ಗ ಇತ್ತು. ಅರವತ್ತು ಮಾರು, ನಾನೇ ಅಳೆದದ್ದು. ಯಾರಿಗೂ ಹೇಳಿರಲಿಲ್ಲ. ತಂಬಿಗೆ ಕೈಯಲ್ಲಿ ಹಿಡಿದು, ಹಗ್ಗವನ್ನು ಟವೆಲಿನಲ್ಲಿ ಸುತ್ತಿಕೊಂಡು, ಹೊಲದ ಕಡೆಗೆ ಹೋಗುವವನಂತೆ ಹೊರಟು ಸುತ್ತು ಹಾಕಿ ದಂಡೆಗೆ ಬಂದೆ. ಹಡಗಿನ ಹಿಂದೆ ಬಡಿಗ ಸಾಲಾಗಿ ಕಬ್ಬಿಣದ ಬಳೆ ಹೊಡೆದಿದ್ದ. ಕಾರ್ಡಿನಲ್ಲಿ ಇದ್ದವು ಎಂದು. ನೀರಿನ ಕೆಳಗಿದ್ದ ಒಂದನ್ನು ತಡಕಿ ಹಿಡಿದು ಹಗ್ಗದ ತುದಿ ಬಿಗಿದೆ. ಇನ್ನೊಂದು ತುದಿ ಜಾಲಿಯ ಬುಡಕ್ಕೆ. ನಡುವಿನದನ್ನು ಕಲ್ಲು ಕಟ್ಟಿ ಕೆಸರುನೀರಿನಲ್ಲಿ ಮುಳುಗಿಸಿದೆ. ಬಂದು ಕೈ ತೊಳೆದುಕೊಂಡು ಮಂಡಕ್ಕಿಯ ಸುಸಲಾ ತಿನ್ನಲು ಕೂತೆ. ಎರಡು ವರ್ಷದಲ್ಲಿ ಮೊದಲ ಸಲ ಹಸಿವಾಗಿತ್ತು.

ಆಮೇಲೆ ಬಡಿಗ ತಂಬಿಗೆ ಹಿಡಿದು ಹೋದ. ಅವನು ಬಂದ ಮೇಲೆ ಮಾಸ್ತರ. ನಂತರ ಖಾನಾವಳಿಯವ, ಕೊನೆಗೆ ಕ್ಯಾಪ್ಟನ್. ಅಂಜಿಕೆಗೆ ಹೊಟ್ಟೆ ಕೆಡುತ್ತದೆಂದು ನಾನು ಓದಿದ್ದೆ. ಆದರೆ ಇವರು ಈಜು ಬಲ್ಲವರು. ನನಗೆ ಸುಸಲಾದ ಮೇಲೆ ಅನುಮಾನ ಬಂತು.

ಬಿದಿರಿನಿಂದ ನೂಕಿದೆವು. ಹಡಗು ತೇಲಿತು. ಕ್ಯಾಪ್ಟನ್ ಹಾಯಿ ಬಿಚ್ಚಿದ. ಸ್ವಲ್ಪ ಹೊತ್ತು ನವಿಲುಗಳು ಜೋಲುಬಿದ್ದಿದ್ದವು. ಆಮೇಲೆ ದಂಡೆಯ ಕಡೆಯಿಂದ ಗಾಳಿ ಎದ್ದು ಧಪ್ಪೆಂದು ಅವನ್ನು ತುಂಬಿತು. ನನ್ನ ಲೆಕ್ಕ ತಪ್ಪಿತ್ತು. ದಂಡೆ ಹಿಂದೆ ಸರಿಯಿತು. ನಾನು ಮಾರು ಎಣಿಸತೊಡಗಿದೆ. ಹತ್ತು. ಹದಿನೈದು. ಇಪ್ಪತ್ತು.

ಇಪ್ಪತ್ತಕ್ಕೆ ಹಡಗು ಜಗ್ಗಿದಂತಾಗಿ ನಿಂತಿತು.

ಹಾಯಿ ತುಂಬಿಯೇ ಇತ್ತು. ಗಾಳಿ ಬೀಸುತ್ತಲೇ ಇತ್ತು. ಹಡಗು ನಡುಗುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ಬಿದಿರು ಇಳಿಸಿದರೆ ನೆಲ ಸಿಗಲಿಲ್ಲ. ನನ್ನ ಹಗ್ಗ ಅರವತ್ತು ಮಾರು. ಇನ್ನೂ ನಲವತ್ತು ಸಡಿಲ ಇರಬೇಕು. ಅಂದರೆ ನಮ್ಮನ್ನು ಹಿಡಿದದ್ದು ನನ್ನ ಹಗ್ಗವಲ್ಲ. ಹಾಗಾದರೆ ಕೆಳಗೆ ಏನಿದೆ?

ವಿಚಿತ್ರವೆಂದರೆ ಏನಾಯಿತು ಎಂದು ಮೊದಲಿಗೆ ಯಾರೂ ಕೇಳಲಿಲ್ಲ. ಎಲ್ಲರೂ ಮನಸ್ಸಿನಲ್ಲೇ ಏನೋ ಎಣಿಸುವವರಂತೆ ಕಂಡರು. ಆಮೇಲೆ ಮಾಸ್ತರರು ಸಣ್ಣ ದನಿಯಲ್ಲಿ ಮೊಸಳೆ ಎಂದರು. ಬಡಿಗ ಹಾಯಿಗಂಬ ತಬ್ಬಿಕೊಂಡ. ಖಾನಾವಳಿಯವ ದೇವರನ್ನು ಒಬ್ಬೊಬ್ಬರನ್ನಾಗಿ ಕರೆಯತೊಡಗಿದ. ಹೊಸ್ತಿಲಿನ ಸಂದಿಯಿಂದ ನೀರು ಒಳಗೆ ಬರುತ್ತಿತ್ತು.

ಕ್ಯಾಪ್ಟನ್ ನನ್ನ ಕಡೆ ತಿರುಗಿದ. "ಬಿ.ಎಸ್ಸಿ., ಜಿಗದ ನೋಡು. ಏನ ಹಿಡದದ ಅಂತ."

ನೀರು ನೋಡಿದೆ. ಅದು ವಳಸಂಗದ ಬಾವಿಯಂತೆಯೇ ನನ್ನನ್ನು ನೋಡಿತು. ಗೆಳೆಯರು ಹೋದರೆ ಹೋಗಲಿ ಎಂದುಕೊಂಡೆ.

"ನನಗ ಈಜ ಬರೂದಿಲ್ಲ," ಎಂದೆ.

ಯಾರೂ ಬಯ್ಯಲಿಲ್ಲ. ಮಾಸ್ತರರು ತಮಗೂ ಬರುವುದಿಲ್ಲವೆಂದರು. ಬಡಿಗ ಕಂಬ ಬಿಡದೆ, ತಾನು ಅಂದು ಹೂಂ ಎಂದದ್ದು ಪ್ರಶ್ನೆ ಕೇಳಿಸಿತು ಎಂಬ ಅರ್ಥದಲ್ಲಿ ಎಂದ. ಖಾನಾವಳಿಯವ ಬಾವಿಯಲ್ಲಿ ಬೆಳೆದದ್ದು ನಿಜ, ನೀರು ಸೇದುತ್ತ. ಕ್ಯಾಪ್ಟನ್ ಮಾತ್ರ ಟೊಪ್ಪಿಗೆ ಸರಿ ಮಾಡಿಕೊಂಡ.

ಆಗ ದಂಡೆಯಿಂದ ಕುರಿಯ ಮುದುಕ ಕೂಗಿದ. "ಸಾವಕಾರ್ರ, ಹಗ್ಗ ಬಿಚ್ಚಲೇನ್ರಿ?"

"ಯಾವ ಹಗ್ಗ?" ಎಂದ ಕ್ಯಾಪ್ಟನ್.

"ಯಾವದಂತ ಹೇಳಲಿರಿ, ಐದ ಅದಾವ. ಜಾಲಿಗಿ ಒಂದು, ಬೇವಿಗಿ ಒಂದು, ಈ ಬಂಡಿಗಲ್ಲಿಗಿ ಒಂದು, ಅತ್ಲಾಗ ಮತ್ತೆರಡು. ಒಬ್ಬೊಬ್ಬರ ತಂಬಿಗಿ ಹಿಡಕೊಂಡ ಬಂದ್ರಿ, ಕಟ್ಟಿದ್ರಿ, ಹೋದ್ರಿ. ಶಹರದವರ ಪೂಜಿ ಹಿಂಗ ಇರತದೇನೋ ಅಂತ ನಾ ಸುಮ್ಮನ ಕುಂತೆ."

ಹಡಗಿನಲ್ಲಿ ಯಾರೂ ಯಾರ ಮುಖ ನೋಡಲಿಲ್ಲ.

ಮುದುಕ ಎದ್ದು ಬೇವಿನ ಗಿಡದ ಹತ್ತಿರ ಹೋಗಿ ಒಂದು ಹಗ್ಗವನ್ನು ಕೈಯಿಂದ ಮೀಟಿ ನೋಡಿದ. ಅದೊಂದೇ ಬಿಗಿದು ನಿಂತಿತ್ತು. ಉಳಿದ ನಾಲ್ಕೂ ನೀರಿನಲ್ಲಿ ಸಡಿಲ ಬಿದ್ದಿದ್ದವು. ಅದು ಎಲ್ಲಕ್ಕಿಂತ ದಪ್ಪನೆಯದು, ಎಲ್ಲಕ್ಕಿಂತ ಗಿಡ್ಡದು.

"ಇದ ನೋಡ್ರಿ ನಿಮ್ಮನ್ನ ಹಿಡದದ್ದು. ಇದು ಕಡೀಕ ನೀವು ಕಟ್ಟಿದ್ದಲ್ಲೇನ್ರಿ, ಸಾವಕಾರ್ರ? ಎಲ್ಲಾ ಬಿಚ್ಚಿದೆ ಅಂದ್ರ ಸೀದಾ ಹೋಗ್ತೀರಿ. ಬಿಚ್ಚಲೇನು?"

ಗಾಳಿ ಜೋರಾಯಿತು. ನವಿಲುಗಳು ಉಬ್ಬಿದವು. ನಾವು ನಾಲ್ವರೂ ಕ್ಯಾಪ್ಟನ್ನನನ್ನು ನೋಡಿದೆವು. ಅವನು ಒಮ್ಮೆ ಆಚೆಯ ದಂಡೆ ನೋಡಿದ, ಒಮ್ಮೆ ಒಳಗೆ ಬಂದ ನೀರು ನೋಡಿದ. ಟೊಪ್ಪಿಗೆ ತೆಗೆದು ಬಗಲಲ್ಲಿ ಇಟ್ಟುಕೊಂಡ.

"ಬಿಚ್ಚಬ್ಯಾಡ್ರಿ ಮುತ್ಯಾ," ಎಂದ. "ಜಗ್ಗ್ರಿ."