ಒಣ ಕಾಲುವೆಯ ಸಾಗರ ಪರೀಕ್ಷೆ

ಹೊಸಪೇಟೆಯಲ್ಲಿ ಸಮುದ್ರವಿಲ್ಲ. ಆದರೆ ಸಣ್ಣ ದ್ವೀಪ ರಾಷ್ಟ್ರಗಳ ಸಾಗರ ತರಬೇತಿ ಕೇಂದ್ರವಿದೆ. ಮೊದಲನೆಯದು ಪ್ರಕೃತಿಯ ತೀರ್ಮಾನ, ಎರಡನೆಯದು ಸಮಿತಿಯ ತೀರ್ಮಾನ. ಎರಡನ್ನೂ ಪ್ರಶ್ನಿಸಿದವರಿಲ್ಲ.

ದ್ವೀಪಗಳಿಂದ ಬರುವ ವಿದ್ಯಾರ್ಥಿಗಳಿಗೂ ನೌಕರರಿಗೂ ಮೂರು ತಿಂಗಳ ಫೆಲೋಶಿಪ್ ಕೊಟ್ಟು, ನೀರಿನ ವಿಷಯ ಕಲಿಸಿ ಕಳಿಸುವುದು ಕೇಂದ್ರದ ಉದ್ದೇಶ. ನಿರ್ದೇಶಕ ವಿಜಯಕುಮಾರ್, ಒಬ್ಬ ಉಪನಿರ್ದೇಶಕ, ಇಬ್ಬರಿಗೂ ಒಬ್ಬೊಬ್ಬ ಚಾಲಕ, ಅಲೆಗಳ ವಿಭಾಗಕ್ಕೊಬ್ಬ ಮೇಲ್ವಿಚಾರಕ, ಅತಿಥಿ ಉಪನ್ಯಾಸಕಿ ಯಶೋಧರಾ, ಜವಾನ ಕೊಟ್ರಯ್ಯ, ಅಡುಗೆಯವರು, ಕಾವಲಿನವರು, ಇವರೆಲ್ಲ ಸಿಬ್ಬಂದಿ. ವಿದ್ಯಾರ್ಥಿ ಒಬ್ಬ.

ಅವನ ಹೆಸರು ತಾವಿತಾ. ನೌಮೋಲು ಎಂಬ ದ್ವೀಪ ರಾಷ್ಟ್ರದಲ್ಲಿ ಶಾಲಾ ಮೇಷ್ಟ್ರು. ಮೂರು ತಿಂಗಳಿಗೆಂದು ಬಂದವನಿಗೆ ಹೊಸಪೇಟೆಯಲ್ಲಿ ಇದು ಮೂರನೆಯ ಬೇಸಿಗೆ. ಬರುವಾಗ ಮಕ್ಕಳಿಗೆ ರಜೆ ಕೊಟ್ಟು, ಶಾಲೆಗೆ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಬಂದಿದ್ದ. ಮಕ್ಕಳು ಇನ್ನೂ ರಜೆಯಲ್ಲಿದ್ದಾರೆ. ಕೀಲಿ ತುಕ್ಕು ಹಿಡಿಯದಿರಲೆಂದು ಕೊಟ್ರಯ್ಯ ಆಗಾಗ ಕೊಬ್ಬರಿ ಎಣ್ಣೆ ಹಚ್ಚಿ ಕೊಡುತ್ತಿದ್ದ. ಫೆಲೋಗಳಿಗೆ ನೀಡುವ ಸವಲತ್ತುಗಳಲ್ಲಿ ಇದೂ ಒಂದೆಂದು ವಾರ್ಷಿಕ ವರದಿಯಲ್ಲಿ ನಮೂದಾಗಿದೆ.

ತಾವಿತಾ ದಡ್ಡನಲ್ಲ. ಬರೆಯುವ ಪರೀಕ್ಷೆಗಳನ್ನು ಮೊದಲ ವರ್ಷವೇ ಮುಗಿಸಿದ್ದ. ಉಳಿದದ್ದು ಪ್ರಾಯೋಗಿಕ ಪರೀಕ್ಷೆ. ಅದರ ನಿಯಮ ಹೀಗಿದೆ: "ಅಭ್ಯರ್ಥಿಯೂ ಹರಿಗೋಲೂ ಸೂರ್ಯಾಸ್ತದೊಳಗೆ, ಕಾಲುವೆಯ ಮಾರ್ಗವಾಗಿ, ಮಲಪನಗುಡಿಯ ತೂಬಿನಿಂದ ಕಡ್ಡಿರಾಂಪುರದ ಸೇತುವೆಗೆ ಸುರಕ್ಷಿತವಾಗಿ ತಲುಪತಕ್ಕದ್ದು." ಪರೀಕ್ಷೆಯನ್ನು ವಿಜಯಕುಮಾರ್ ಪ್ರತಿವರ್ಷ ಏಪ್ರಿಲ್ ಕೊನೆಗೆ ಇಡುತ್ತಿದ್ದರು. ಏಪ್ರಿಲ್ ಕೊನೆಗೆ ಕಾಲುವೆಗೆ ನೀರು ಬಂದ್ ಆಗಿರುತ್ತದೆ. ಇವೆರಡಕ್ಕೂ ಸಂಬಂಧವಿಲ್ಲವೆಂದು ಅವರು ಸುತ್ತೋಲೆಯನ್ನೂ ಹೊರಡಿಸಿದ್ದರು.

ಮೊದಲ ವರ್ಷ ತಾವಿತಾ ಒಣ ಕಾಲುವೆಯಲ್ಲಿ, ಹರಿಗೋಲಿನೊಳಗೆ, ಹುಟ್ಟು ಹಿಡಿದುಕೊಂಡು ಸಂಜೆಯ ತನಕ ಕುಳಿತಿದ್ದ. ನೀರಿನ ಅಭಾವದಿಂದ ಅನುತ್ತೀರ್ಣ ಎಂದು ಫಲಿತಾಂಶ ಬಂತು. ಮರುವರ್ಷ ನೂಕಿಕೊಂಡು ಹೊರಟ. ತಳ ಹರಿಯಿತು. ನೌಕೆಗೆ ಹಾನಿ ಮಾಡಿದ್ದಕ್ಕೆ ಅನುತ್ತೀರ್ಣ. ಪ್ರಮಾಣಪತ್ರ ಇಲ್ಲದವರಿಗೆ ಊರಿಗೆ ಮರಳುವ ವಿಮಾನದ ಟಿಕೆಟ್ ಇಲ್ಲ. ಫೆಲೋ ಇರುವ ತನಕ ನಿಧಿ ಬರುತ್ತದೆ, ನಿಧಿ ಬರುವ ತನಕ ಕೇಂದ್ರ ಇರುತ್ತದೆ. ಹೊಸ ಅರ್ಜಿಗಳು ಬಂದಿರಲಿಲ್ಲ. ಸಣ್ಣ ದ್ವೀಪಗಳಲ್ಲಿ ಸುದ್ದಿ ಬೇಗ ಹರಡುತ್ತದೆ.

ಈ ಸಲ ಪರೀಕ್ಷಕಿಯಾಗುವ ಸರದಿ ಯಶೋಧರಾಳದು. ಹಿಂದಿನ ದಿನ ತಾವಿತಾ ಬಂದು ಅವಳ ಮೇಜಿನ ಮೇಲೆ ಕೀಲಿ ಇಟ್ಟ. ಅವನ ಕನ್ನಡ ಕೇಂದ್ರದ ಅಡುಗೆಮನೆಯಲ್ಲಿ ಕಲಿತದ್ದು.

"ಮೇಡಂ, ಈ ಸಲಾನೂ ಕಾಲುವಿ ಒಣಗಿರತೈತೇನ್ರೀ?"

"ಒಣಗಿರತೈತಿ."

"ನಮ್ಮ ಸಾಲಿ ಗಂಟಿ ಹೊಡಿಯೋ ಅಜ್ಜ ಹೋದನಂತ್ರೀ. ನಾ ಬರಾಗ ಆರನೇ ಕ್ಲಾಸಿನ್ಯಾಗ ಇದ್ದ ಹುಡುಗರಿಗೆ ಮೀಸಿ ಚಿಗುರ್ಯಾವ. ಮೀಸಿ ಬಂದ ಮ್ಯಾಲೆ ಯಾರರ ಹೊಳ್ಳಿ ಆರನೇ ಕ್ಲಾಸಿಗೆ ಬರ್ತಾರಾ?"

ಯಶೋಧರಾ ಹಿಂದೆ ಕಂಪ್ಲಿಯ ಶಾಲೆಯೊಂದರಲ್ಲಿ ಪಾಠ ಹೇಳಿದವಳು. ಬೀಗ ಬಿದ್ದ ಶಾಲೆಯ ಕಿಟಕಿಯಲ್ಲಿ ಮಕ್ಕಳು ಹೇಗೆ ಇಣುಕುತ್ತಾರೆ ಎಂಬುದು ಅವಳಿಗೆ ಗೊತ್ತು. ತಾವಿತಾ ಪಾಸಾದರೆ ತನ್ನ ಗುತ್ತಿಗೆ ಮುಗಿಯುತ್ತದೆ ಎಂಬುದೂ ಗೊತ್ತು. ಕೀಲಿಯನ್ನು ಅವನ ಕೈಗೆ ಕೊಟ್ಟು, "ನಾಳೆ ಜಲ್ದಿ ಬಾ," ಎಂದಳು.

ಮರುದಿನ ತೂಬಿನ ಬಳಿ ವಿಜಯಕುಮಾರ್ ಸೀಟಿ ಊದಿದರು. ತಾವಿತಾ ಹರಿಗೋಲನ್ನು ಬೋರಲು ಹಾಕಿ, ಅದರಡಿಗೆ ನುಗ್ಗಿ, ತಲೆಯ ಮೇಲೆ ಎತ್ತಿಕೊಂಡು ನಡೆಯತೊಡಗಿದ.

"ಏ ತಾವಿತಪ್ಪ! ಏನು ಮಾಡಾಕತ್ತೀಯೋ?"

"ಹಂಪ್ಯಾಗ ನೋಡೀನ್ರೀ ಸರ್," ಎಂದು ಹರಿಗೋಲಿನೊಳಗಿಂದ ದನಿ ಬಂತು. "ಹೊಳಿ ಇಳಿಯಾಗ ಹರಿಗೋಲು ಮನಿಷಾನ್ನ ಹೊರತೈತಿ. ಹೊಳ್ಳಿ ಬರಾಗ ಮನಿಷಾ ಹರಿಗೋಲು ಹೊರತಾನ. ಈ ಊರಾಗ ಹಂಗ ಅಲ್ರೀ ಪದ್ಧತಿ?"

ನಿರ್ದೇಶಕರು ನಿಯಮಾವಳಿ ತೆರೆದರು. ಯಾರು ಯಾರ ಮೇಲಿರಬೇಕು ಎಂಬ ಬಗ್ಗೆ ಅದು ಮೌನವಾಗಿತ್ತು.

ಬಿಸಿಲು ಏರಿತು. ಕಾಲುವೆಯ ಕಲ್ಲುಗಳು ಕಾದವು. ಜೊತೆಗಿದ್ದ ಕೊಟ್ರಯ್ಯ ನಿರ್ದೇಶಕರಿಗೆ ಹಿಡಿಯಬೇಕಾದ ಕೊಡೆಯನ್ನು ಮರೆತು ಬಂದಿದ್ದ. ಸ್ವಲ್ಪ ದೂರ ಹೋಗುವುದರೊಳಗೆ ಅವನೇ ಮೊದಲು ಹರಿಗೋಲಿನಡಿಗೆ ಸೇರಿದ.

"ಸರ್, ಒಳಗ ಬರ್ರಿ. ಭಾಳ ತಂಪೈತಿ."

"ಪರೀಕ್ಷಾ ಸ್ಥಳದಾಗ ನಿರ್ದೇಶಕ ಹಂಗೆಲ್ಲ ನುಗ್ಗಬಾರದೋ."

"ಹಂಗಾರ ಬಿಸಿಲಾಗ ಬರ್ರಿ."

ನಿರ್ದೇಶಕರು ಒಳಗೆ ಬಂದರು. ಪರೀಕ್ಷಕಿ ಅಭ್ಯರ್ಥಿಯಿಂದ ದೂರವಿರಬಾರದು ಎಂಬ ನಿಯಮದಂತೆ ಯಶೋಧರಾಳೂ ಬಂದಳು. ಎಂಟು ಕಾಲಿನ ಹರಿಗೋಲು ಕಡ್ಡಿರಾಂಪುರದತ್ತ ಸಾಗಿತು.

ಸೇತುವೆಯ ಮೇಲೆ ನಿಂತಿದ್ದ ಒಬ್ಬ ಕೂಗಿದ: "ಲೇ, ದರೋಜಿ ಕಾಡಿನ ಕರಡಿ ಬಂತಲೇ!"

"ಕರಡಿಗೆ ಎಂಟು ಕಾಲು ಇರ್ತಾವೇನಲೇ?" ಎಂದ ಇನ್ನೊಬ್ಬ. "ಕಾಲಿಗೆ ಬೂಟು ಬ್ಯಾರೆ ಹಾಕ್ಕೊಂಡೈತಿ. ಯಾವುದೋ ಆಫೀಸು ಇರಬೇಕು."

ಸೇತುವೆಯ ನೆರಳಿನಲ್ಲಿ ತಾವಿತಾ ಹರಿಗೋಲನ್ನು ಇಳಿಸಿದ. ಅದಕ್ಕೆ ಒಂದು ಗೀರೂ ಆಗಿರಲಿಲ್ಲ. ಸೂರ್ಯಾಸ್ತಕ್ಕೆ ಬಹಳ ಹೊತ್ತಿತ್ತು. ಯಶೋಧರಾ ಪೆನ್ನು ತೆಗೆದಳು.

"ಅಲ್ರೀ ಮೇಡಂ, ಇದು ಹೆಂಗ ಪಾಸು? ಇದಕ್ಕ ಸಮುದ್ರಯಾನ ಅಂತಾರೇನ್ರೀ? ನಿಮ್ಮ ಕೆಲಸಾನೂ ಹೋಗತೈತಿ, ನೆನಪಿರಲಿ," ಎಂದರು ನಿರ್ದೇಶಕರು.

ಯಶೋಧರಾ ಪೆನ್ನಿನ ಮುಚ್ಚಳ ಬಿಚ್ಚಿದಳು.

"ಹೋಗಲಿ ಬಿಡ್ರಿ ಸರ್. ಆದ್ರ ನೀವು ಇವತ್ತು ತೂಬಿನಿಂದ ಇಲ್ಲೀತನಾ ಯಾವುದರಾಗ ಬಂದ್ರಿ?"

"ಹರಿಗೋಲಿನ್ಯಾಗ."

"ಹಂಗಂದ್ರ ಪ್ರಯಾಣ ಭತ್ಯೆ ರಸ್ತೆದು ಬರೀಲೋ, ಜಲಮಾರ್ಗದ್ದು ಬರೀಲೋ?"

ನಿರ್ದೇಶಕರು ಗಂಭೀರವಾಗಿ ಯೋಚಿಸಿದರು. ಜಲಮಾರ್ಗದ ಭತ್ಯೆ ರಸ್ತೆಯ ಭತ್ಯೆಗಿಂತ ದುಪ್ಪಟ್ಟು. ಅದು ಸಿಗಬೇಕಾದರೆ ಯಾನ ನಡೆದಿರಬೇಕು. ಯಾನ ನಡೆದಿದ್ದರೆ ಅಭ್ಯರ್ಥಿ ಪಾಸಾಗಿರಬೇಕು.

"ಜಲಮಾರ್ಗ ಅಂತ ಬರೀರಿ," ಎಂದರು. ಬೂಟಿನ ಧೂಳು ಕೊಡವಿ, "ಬರೋದೂ ಹೋಗೋದೂ," ಎಂದು ಸೇರಿಸಿದರು.

ತಾವಿತಾ ಆ ವಾರವೇ ಊರಿಗೆ ಹೊರಟ. ಕೊಟ್ರಯ್ಯ ಕೀಲಿಗೆ ಕೊನೆಯ ಸಲ ಎಣ್ಣೆ ಹಚ್ಚಿ ಕೊಟ್ಟು, ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದ. ಕೇಂದ್ರವನ್ನು ಮುಚ್ಚುವ ಮಾತು ಕೇಳಿಬಂತು. ಅಲೆಗಳ ವಿಭಾಗದ ಮೇಲ್ವಿಚಾರಕರು ಕಣ್ಣೀರು ಹಾಕಿದರು.

ಅಷ್ಟರಲ್ಲಿ ನೌಮೋಲಿನಿಂದ ಆಹ್ವಾನ ಬಂತು. ಬೆಟ್ಟವಿದ್ದು ಸಮುದ್ರವಿಲ್ಲದ ಊರುಗಳ ಅಧಿಕಾರಿಗಳಿಗೆ ಅಲ್ಲಿ ಫೆಲೋಶಿಪ್ ಆರಂಭವಾಗಿತ್ತು. ಅವಧಿ ಮೂರು ತಿಂಗಳು, ವಿಷಯ ಬೆಟ್ಟ ಹತ್ತುವುದು, ಸಂಚಾಲಕ ಶ್ರೀ ತಾವಿತಾ. ನಿಯಮಾವಳಿಯನ್ನು ಅವನು ಹೊಸಪೇಟೆಯಿಂದಲೇ ಒಯ್ದಿದ್ದ.

"ಸಂಡೂರು ಬೆಟ್ಟದಾಗ ಹುಟ್ಟಿದಾಂವ ನಾನು," ಎಂದರು ವಿಜಯಕುಮಾರ್. "ಕಣ್ಣು ಮುಚ್ಚಿ ಹತ್ತತೀನಿ." ವಿದೇಶ ಪ್ರವಾಸದ ಭತ್ಯೆ ಪಡೆದು ಹೊರಟೇಬಿಟ್ಟರು.

ನೌಮೋಲಿನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಶಾಲೆಯ ಮೆಟ್ಟಿಲು. ಪ್ರಾಯೋಗಿಕ ಪರೀಕ್ಷೆಯಲ್ಲಿ ನಿರ್ದೇಶಕರು, ಬೆಟ್ಟದ ಅಭಾವದಿಂದ, ಅನುತ್ತೀರ್ಣರಾದರು. ಪ್ರಮಾಣಪತ್ರವಿಲ್ಲದ್ದರಿಂದ ಟಿಕೆಟ್ ಸಿಗಲಿಲ್ಲ. ಈಗ ಅವರು ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುತ್ತಾರೆ. ಮೀಸೆ ಬಂದವರೂ ಆರನೇ ಕ್ಲಾಸಿಗೆ ಮರಳಿ ಬಂದಿದ್ದಾರಂತೆ.

ಹೊಸಪೇಟೆಯಲ್ಲಿ ತುರ್ತು ಸಭೆ ಸೇರಿತು. ಚಹಾ ಹಂಚುತ್ತಿದ್ದ ಕೊಟ್ರಯ್ಯ, "ಸಾಹೇಬ್ರು ಈಗ ಸಣ್ಣ ದ್ವೀಪದಾಗ ಅದಾರಲ್ರೀ?" ಎಂದ. ಸದಸ್ಯರು ಚಹಾದ ಲೋಟ ಕೆಳಗಿಟ್ಟರು. ಸಣ್ಣ ದ್ವೀಪ ರಾಷ್ಟ್ರದಲ್ಲಿ ವಾಸಿಸುವ ನೌಕರ! ಈ ಸಾಲಿನ ಫೆಲೋ ಆಗಿ ಶ್ರೀ ವಿಜಯಕುಮಾರ್ ಅವರನ್ನು ಸರ್ವಾನುಮತದಿಂದ ಆಯ್ಕೆ ಮಾಡಲಾಯಿತು. ನಿಧಿ ಬಂತು. ಎಲ್ಲರ ಗುತ್ತಿಗೆ ಮುಂದುವರಿಯಿತು, ಯಶೋಧರಾಳದೂ.

ಏಪ್ರಿಲ್ ಕೊನೆಗೆ ಕಾಲುವೆ ಒಣಗಿತು, ಪರೀಕ್ಷೆ ನಡೆಯಿತು. ಯಶೋಧರಾ ತೂಬಿನ ಬಳಿ ಅಭ್ಯರ್ಥಿಯ ಹೆಸರನ್ನು ಗಟ್ಟಿಯಾಗಿ ಕೂಗಿದಳು. ಯಾರೂ ಓಗೊಡಲಿಲ್ಲ. ಹರಿಗೋಲಿನ ನೆರಳಿನಲ್ಲಿ ಎಲ್ಲರೂ ಕೂತು ಮಂಡಕ್ಕಿ ಮಿರ್ಚಿ ತಿಂದರು. ಸಂಜೆ ನೌಮೋಲಿನಿಂದ ಫೋನ್ ಬಂತು.

"ಮೇಡಂ, ನನ್ನ ರಿಸಲ್ಟ್ ಏನಾತ್ರೀ?"

"ಫೇಲ್ ಸರ್."

"ಛಲೋ ಆತು ಬಿಡ್ರಿ. ಕೇಂದ್ರ ಉಳೀತು."

"ಅಲ್ಲೀದು ಏನಾತು ಸರ್?"

"ಇಲ್ಲೂ ಫೇಲ್. ಆದ್ರ ತಾವಿತಾ ಸರ್ ಭಾಳ ಒಳ್ಳೇವ್ರು. ಬೆಟ್ಟ ಬೇಕಂತ ಅರ್ಜಿ ಕೊಡ್ರಿ, ಪರಿಶೀಲಿಸ್ತೀವಿ ಅಂದಾರ. ಕೊಟ್ಟೀನಿ."