ಸುಜಾತಾಳ ಎರಡು ಸಾಲು, ನನ್ನ ಒಂದು ಸಾಲು

ಉತ್ತರಪತ್ರಿಕೆ ಓದಿ ನಗುವುದು ಮೇಷ್ಟ್ರುಗಳ ಹಳೆಯ ಚಟ. ನನಗೆ ನಗು ಬರುವುದಿಲ್ಲ, ಮೈ ಉರಿಯುತ್ತದೆ. ಹಳಿಯಾಳದ ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಸಾಮ್ರಾಜ್ಯವೊಂದು ಯಾಕೆ ಬಿತ್ತು ಎಂದು ಕೇಳಿದರೆ ಹುಡುಗರು ಫೋನಿನಲ್ಲಿ ಬರೆದಂತೆ ಒಂದು ಸಾಲು ಗೀಚಿ, ಪಕ್ಕದಲ್ಲಿ ಅಳುವ ಮುಖ ಬಿಡಿಸುತ್ತಾರೆ. ಕಾರಣಗಳನ್ನೆಲ್ಲ ನಾನು ಆ ಕಣ್ಣೀರಿನಲ್ಲಿ ಹುಡುಕಿಕೊಳ್ಳಬೇಕು.

ಜೊಯಿಡಾ ಕಡೆಯ ಸುಜಾತಾ, ಕೊನೆಯ ವರ್ಷದವಳು, ರಜೆಗೆ ಊರಿಗೆ ಹೋಗುವ ಮುನ್ನ ತನ್ನ ಪ್ರಬಂಧ ತಂದುಕೊಟ್ಟಳು. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಅಜ್ಜಿಯ ಊರಿನ ಕುರಿತು. ಇದು ಪಾಸಾಗದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ನೋಡಿದರೆ ಬರೀ ತುಂಡುಗಳು, ತುಂಡಿಗೆ ಎರಡೇ ಸಾಲು. "ಮನೆ ಬಿಟ್ಟೆವು. ಒರಳು ಅಲ್ಲೇ ಉಳಿಯಿತು."

"ಇದೇನವಾ, ಪ್ರಬಂಧನೋ ಮೆಸೇಜೋ?" ಎಂದೆ.

"ಮೆಸೇಜರೀ ಸರ್. ನಮ್ಮೂರಾಗ ನೆಟ್‌ವರ್ಕ್ ಇಲ್ರಿ. ಊರಿಗೆ ಹೋದಾಗೆಲ್ಲ ಅಜ್ಜಿ ಹೇಳಿದ್ದು ಬರದು, ಫೋನು ಕಂಡಕ್ಟರ್ ಕಾಕಾನ ಕೈಯಾಗ ಕೊಡ್ತೇನ್ರಿ. ಘಟ್ಟದ ತಿರುವಿನ್ಯಾಗ ಗಳಿಗಿ ನೆಟ್‌ವರ್ಕ್ ಸಿಗತೈತಿ, ಸಣ್ಣವಷ್ಟ ಹೋಗತಾವ. ಹಾಸ್ಟೆಲಿನ ಗೆಳತಿ ಕಾಗದಕ್ಕ ಇಳಸ್ತಾಳ. ಸಂಜಿ ಬಸ್ಸಿಗೆ ಫೋನು ವಾಪಸ್."

"ಇತಿಹಾಸ ಬಸ್ಸಿನ್ಯಾಗ ಅಡ್ಡಾಡೂದಿಲ್ಲ, ಪ್ರಸ್ತಾವನೆಯಿಂದ ಶುರು ಆಗತೈತಿ" ಎಂದು ನಾನು ತಿರುಗೇಟು ಕೊಟ್ಟಿದ್ದನ್ನು ಸಹೋದ್ಯೋಗಿಗಳೆಲ್ಲರಿಗೂ ಹೇಳಿದ್ದೇನೆ. ನಿಜಕ್ಕೂ ಅಂದಿದ್ದು "ಪ್ರಸ್ತಾವನೆಯಿಂದ ಶುರು ಮಾಡಬೇಕು" ಎಂದಷ್ಟೇ ಇರಬೇಕು. ಜಾಣ ಮಾತುಗಳು ನನ್ನ ನೆನಪಿಗೆ ತಡವಾಗಿ ಬಂದು ಮೊದಲ ಬೆಂಚಿನಲ್ಲಿ ಕೂರುತ್ತವೆ.

ಮನೆಯಲ್ಲಿ ಎರಡು ಪುಟ ಓದಿದೆ, ಹೆಚ್ಚಿಲ್ಲ. ಫೋನು ತೆಗೆದು ಅವಳಿಗೆ ಕಳಿಸಿದೆ: "ನಡೆಯಲ್ಲ. ಶುಕ್ರವಾರದೊಳಗೆ ತಿದ್ದಿ ಕೊಡು." ಜೊತೆಗೆ ಕೆಳಮುಖದ ಹೆಬ್ಬೆರಳು. ಅದು ತಲುಪಿತೋ ಇಲ್ಲವೋ ನೋಡಲಿಲ್ಲ.

ಗಡುವು ದಾಟಿದ ಸೋಮವಾರ ಸುಜಾತಾ ಏದುಸಿರು ಬಿಡುತ್ತ ಬಂದಳು. "ನಾಕು ದಿನ ಬಸ್ಸ ಬಂದಿಲ್ರಿ ಸರ್. ಇವತ್ತ ಬಸ್ಸ ಹತ್ತಿ ಬರೂವಾಗ ತಿರುವಿನ್ಯಾಗ ನಿಮ್ಮ ಮೆಸೇಜು ಬಂತು. ಆದರ ಏನ ತಿದ್ದಬೇಕಂತ ಅದರಾಗ ಇಲ್ಲಲ್ರಿ?"

ಏನು ತಿದ್ದಬೇಕೆಂದು ಹೇಳಲು ನಾನು ಪೂರ್ತಿ ಓದಿದ್ದರಲ್ಲವೇ. ಅವಳಿಗೆ ಇನ್ನೊಂದು ವಾರ ಕೇಳಿ ಪ್ರಿನ್ಸಿಪಾಲರಿಗೆ ಪತ್ರ ಬರೆಯಲು ಕೂತೆ. ತಡವಾದದ್ದಕ್ಕೆ ಕಾರಣ ಬರೆದರೆ ನನ್ನ ಮರ್ಯಾದೆ ಹೋಗುತ್ತದೆ, ಬರೆಯದಿದ್ದರೆ ಅವಳ ವರ್ಷ. ನಾಲ್ಕು ಹಾಳೆ ಹರಿದ ಮೇಲೆ ಉಳಿದದ್ದು ಇಷ್ಟು: "ಮಾನ್ಯರೇ, ಸುಜಾತಾಗೆ ಒಂದು ವಾರ ಕೊಡಿ." ಕೆಳಗೆ ಸಹಿ. ಯಾಕೋ ಕೈ ತಾನಾಗಿ ಓಡಿ, ಸಹಿಯ ಪಕ್ಕದಲ್ಲಿ ಒಂದು ಅಳುವ ಮುಖವೂ ಮೂಡಿತ್ತು.

ಸುಜಾತಾ ಓದಿದಳು. ನಗಲಿಲ್ಲ. ಹೊಸ ಹಾಳೆಯೊಂದನ್ನು ನನ್ನ ಮುಂದೆ ಸರಿಸಿದಳು.

"ಪ್ರಸ್ತಾವನೆಯಿಂದ ಶುರು ಮಾಡ್ರಿ, ಸರ್."